ಗಾಲನವ್ರತವೂ ಊರಿನ ನೀರೂ

ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು ಬಂದಿತೆಂಬುದು ಪ್ರತೀತಿ. ಅಲ್ಲಿಂದ ಪಡುವಲಿಗೆ ಸಾಗಿದರೆ ದೊರೆಯುವ ಹಳೇಬೀಡು ಹಿಂದೆ ದೋರಸಮುದ್ರವಾಗಿತ್ತು. ಹೊಯ್ಸಳರ ರಾಜಧಾನಿಗೂ ನೀರೇ ಹೆಸರನ್ನಿತ್ತಿತು. ಇನ್ನೂ ಹದಿನಾರು ಕಿಲೋಮೀಟರು ಮುಂದೆ ಬೇಲೂರು ಯಗಚಿಯ ದಡದಲ್ಲಿದೆ. ನೀರಿನ ಆಸರೆಯಲ್ಲಿ ಬೆಳೆದ ಈ ನಾಡು ಜಿನಧರ್ಮಕ್ಕೂ ಆಸರೆಯಾಯಿತು. ಹಳೇಬೀಡಿನ ಬಸದಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪದೇವನು ೧೧೩೩ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅರಸೀಕೆರೆಯಲ್ಲಿ ೧೨೨೦ರಲ್ಲಿ ರೇಚರಸನಿಂದ ಸಹಸ್ರಕೂಟ ಜಿನಾಲಯವು ಎದ್ದು ನಿಂತಿತು. ಜಿನಾಲಯವಿದ್ದೆಡೆ ನಿತ್ಯವೂ ಅಭಿಷೇಕಕ್ಕೆ ನೀರು ಬೇಕು; ಆ ನೀರು ಸೋಸಿದ ನೀರೇ ಆಗಿರಬೇಕು. ಹೀಗಾಗಿ ಈ ಸೀಮೆಯಲ್ಲಿ ಎಂಟು ನೂರು ವರ್ಷಗಳಿಗೂ ಮೀರಿ ನೀರು ಸೋಸುವ ಬಟ್ಟೆಯೊಂದು ಕೊಡದ ಬಾಯಿಯ ಮೇಲೆ ಇದ್ದೇ ಇದೆ ಎನ್ನಬಹುದು.

ಶ್ರಾವಕನ ಮನೆಯನ್ನು ಗುರುತಿಸಲು ಹಿಂದಿನವರು ಮೂರು ಕುರುಹುಗಳನ್ನು ಹೇಳುತ್ತಿದ್ದರು: ನಿತ್ಯ ದೇವದರ್ಶನ, ರಾತ್ರಿಭೋಜನದ ತ್ಯಾಗ, ನೀರನ್ನು ಸೋಸಿ ಕುಡಿಯುವುದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ತನ್ನ ಸಾಗಾರಧರ್ಮಾಮೃತದಲ್ಲಿ ಈ ಜಲಗಾಲನಕ್ಕೆ ಗೃಹಸ್ಥಾಚಾರದೊಳಗೆ ಗಟ್ಟಿಯಾದ ಸ್ಥಾನವನ್ನು ಕೊಟ್ಟು, ಅದಕ್ಕೆ ತಗಲುವ ದೋಷಗಳನ್ನೂ ಎಣಿಸಿದ್ದಾನೆ. ಹೊತ್ತು ಮೀರಿದ ನೀರನ್ನು ಮತ್ತೆ ಸೋಸದಿರುವುದು ಒಂದು ದೋಷ. ಕೆಟ್ಟ ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಬಟ್ಟೆಯಲ್ಲಿ ಉಳಿದುದನ್ನು ನೀರು ತಂದ ಎಡೆಗೇ ಮರಳಿಸದೆ ಬೇರೆಲ್ಲೋ ಚೆಲ್ಲುವುದು ಮತ್ತೊಂದು. ಬಟ್ಟೆಯ ಅಳತೆಯನ್ನೂ ಸಂಪ್ರದಾಯವು ಬಿಟ್ಟಿಲ್ಲ. ೩೬ ಅಂಗುಲ ಉದ್ದ, ೨೪ ಅಂಗುಲ ಅಗಲದ ದಟ್ಟವಾದ ವಸ್ತ್ರವನ್ನು ಎರಡು ಪದರವಾಗಿ ಮಡಿಸಿ ಹಿಡಿಯಬೇಕು. ಸೋಸಿದ ನೀರಿಗೆ ಎರಡು ಗಳಿಗೆಯ, ಎಂದರೆ ೪೮ ನಿಮಿಷದ ಮರ್ಯಾದೆ. ಲವಂಗ, ಅಳಲೆಕಾಯಿ ಮೊದಲಾದ ದ್ರವ್ಯಗಳನ್ನು ಬೆರೆಸಿ ವರ್ಣವೂ ರುಚಿಯೂ ಮಾರ್ಪಟ್ಟ ಪ್ರಾಸುಕ ಜಲಕ್ಕೆ ಎರಡು ಪ್ರಹರ; ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ.

ಒಂದು ತಂಬಿಗೆ ನೀರಿಗೆ ಇಷ್ಟೊಂದು ವಿಧಿಯೇಕೆ ಎಂದು ಕೇಳುವವರುಂಟು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಮಾದವನ್ನೇ ಮೊದಲು ಹಿಡಿದರು. ಜೀವವು ಸಾಯುವುದು ಎಷ್ಟು ಮುಖ್ಯವೋ, ಯಾವ ಮನಸ್ಸಿನ ಅಜಾಗ್ರತೆಯಿಂದ ಸತ್ತಿತೆಂಬುದೂ ಅಷ್ಟೇ ಮುಖ್ಯ. ನೀರು ಸೋಸುವ ಬಟ್ಟೆಯು ಆ ಜಾಗ್ರತೆಯ ಒಂದು ಕೈಗೆಲಸ. ಬಾವಿಯಿಂದ ಸೇದಿದವನು ತಾನೇ ಸೋಸಿ, ತಾನೇ ಉಳಿಕೆಯನ್ನು ಅದೇ ಬಾವಿಗೆ ಇಳಿಸಿ, ತಾನೇ ಬಟ್ಟೆಯನ್ನು ಹಿಂಡಿ ಒಣಗಿಸುತ್ತಿದ್ದ ಕಾಲದಲ್ಲಿ ಆ ಜಾಗ್ರತೆಗೆ ಆದಿಯೂ ಅಂತ್ಯವೂ ಒಬ್ಬನ ಕೈಯಲ್ಲೇ ಇದ್ದಿತು.

ನಲ್ಲಿ ಬಂದ ಮೇಲೆ ಹಾಗಿಲ್ಲ. ಇಂದು ಬೇಲೂರಿನ ಬಳಿ ಯಗಚಿಗೆ ಅಣೆಕಟ್ಟು ಇದೆ. ಅದು ೨೦೦೧ರಲ್ಲಿ ಪೂರ್ಣಗೊಂಡಿತು. ಊರೂರಿನಲ್ಲಿಯೂ ಓವರ್‌ಹೆಡ್ ಟ್ಯಾಂಕುಗಳಿವೆ, ನೆಲದಡಿ ಕೊಳವೆಗಳಿವೆ. ಮನೆಯವರು ಸೇದುವುದಿಲ್ಲ; ಯಾರೋ ಎಲ್ಲಿಯೋ ಎತ್ತಿದ ನೀರು, ಯಾರೋ ತಿರುಗಿಸಿದ ಗೇಟಿನಿಂದ, ಯಾರೂ ಕಾಣದ ಕೊಳವೆಯೊಳಗೆ ಹರಿದು ಅಡಿಗೆಮನೆಗೆ ಬರುತ್ತದೆ. ವ್ರತವು ಮಾತ್ರ ನಲ್ಲಿಯ ಮೂತಿಗೆ ಕಟ್ಟಿದ ಬಟ್ಟೆಯಾಗಿ ಉಳಿದಿದೆ.

ದೃಷ್ಟಾಂತಕ್ಕಾಗಿ ಈ ಸೀಮೆಯ ಯಾವುದೋ ಒಂದು ಊರಿನ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಅಜ್ಜಿ ದಶಲಕ್ಷಣ ಪರ್ವದಲ್ಲಿ ಏಕಭುಕ್ತ ಹಿಡಿದವರು. ಮೊಮ್ಮಗನು ದೂರದ ಪ್ರಯೋಗಾಲಯವೊಂದರಲ್ಲಿ ನೀರು ಪರೀಕ್ಷಿಸುವ ಕೆಲಸದವನು; ಪರ್ವಕ್ಕೆಂದು ಊರಿಗೆ ಬಂದಿದ್ದಾನೆ. ನಲ್ಲಿಗೆ ಕಟ್ಟಿದ ಬಟ್ಟೆಯು ಅವನ ಕಣ್ಣಿಗೆ ಬಿದ್ದಿತು.

“ಅಜ್ಜಿ, ಈ ಬಟ್ಟೆ ಬಿಚ್ಚಿ ಎಷ್ಟು ದಿನವಾಯಿತು?”

“ಯುಗಾದಿಯಲ್ಲಿ ಕಟ್ಟಿದ್ದು ಕಣಪ್ಪಾ. ನೀರು ಸೋಸಿಕೊಂಡೇ ಬೀಳುತ್ತದಲ್ಲ.”

“ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ?”

“ನಾಲ್ಕು ದಿನಕ್ಕೋ ಐದು ದಿನಕ್ಕೋ. ನೀರುಗಂಟಿ ಬಿಟ್ಟಾಗ ಬಂತು.”

“ಹಾಗಾದರೆ ಮಿಕ್ಕ ದಿನಗಳಲ್ಲಿ ಈ ಒದ್ದೆ ಬಟ್ಟೆಯಲ್ಲಿ ಏನು ಹುಟ್ಟುತ್ತದೆ, ಏನು ಸಾಯುತ್ತದೆ ಅಜ್ಜಿ?”

ಅಜ್ಜಿ ಸುಮ್ಮನಾದರು. ಹುಡುಗ ಕೇಳಿದ್ದು ಪ್ರಯೋಗಾಲಯದ ಪ್ರಶ್ನೆಯಂತೆ ಕಂಡರೂ ಅದು ಆಶಾಧರನ ಪ್ರಶ್ನೆಯೇ ಆಗಿತ್ತು. ತೇವವೂ ಕೊಳೆಯೂ ಸೇರಿದೆಡೆ ಜೀವೋತ್ಪತ್ತಿಯಾಗುವುದೆಂದು ಶಾಸ್ತ್ರವು ಹೇಳುತ್ತದೆ. ಸೂಕ್ಷ್ಮದರ್ಶಕವೂ ಅದನ್ನೇ ತೋರಿಸುತ್ತದೆ. ತಿಂಗಳುಗಟ್ಟಲೆ ಬಿಚ್ಚದ ಬಟ್ಟೆಯು ಸೋಸುವ ಬಟ್ಟೆಯಲ್ಲ, ಕೊಳೆಯ ಗೂಡು. ಅದರ ಮೂಲಕ ಬಂದ ನೀರು ಬರುವ ಮೊದಲಿದ್ದುದಕ್ಕಿಂತ ಹೆಚ್ಚು ಮಲಿನವಾಗುವುದೂ ಉಂಟು. ಮರಳಿಸಬೇಕಾದ ಉಳಿಕೆಯಾದರೂ ಯಾವ ಕೆರೆಗೆ, ಯಾವ ಹೊಳೆಗೆ ಹೋಗಬೇಕು? ನಲ್ಲಿಯ ನೀರಿನ ತವರು ಮನೆಯವರಿಗೆ ತಿಳಿದಿಲ್ಲ. ವ್ರತದ ಅರ್ಧವು ಹೀಗೆ ತಾನಾಗಿಯೇ ಕೈಬಿಟ್ಟುಹೋಗಿದೆ; ಕೈಬಿಟ್ಟುದು ಯಾರ ಗಮನಕ್ಕೂ ಬಂದಿಲ್ಲ.

ಹಾಗೆಂದು ಬಟ್ಟೆಯನ್ನು ಹಗುರವಾಗಿ ಕಾಣಲಾಗದು. ನಾರುಹುಣ್ಣು ಎಂಬ ರೋಗವನ್ನು ಇಂದಿನ ಮಕ್ಕಳು ಅರಿಯರು. ಸೈಕ್ಲೋಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ನೀರಜೀವಿಯ ಒಡಲಲ್ಲಿ ಆ ಹುಳುವಿನ ಮರಿಯಿರುತ್ತಿತ್ತು. ಆ ನೀರನ್ನು ಕುಡಿದವರ ಕಾಲಿನಿಂದ ವರ್ಷದ ಬಳಿಕ ಮೊಳದುದ್ದದ ಹುಳು ಹೊರಬರುತ್ತಿತ್ತು. ರೋಗಿಯು ಮೆಟ್ಟಿಲಿಳಿದು ಕಾಲನ್ನು ನೀರಿನಲ್ಲಿ ಮುಳುಗಿಸಿದೊಡನೆ ಮತ್ತೆ ಮರಿಗಳು ನೀರು ಸೇರುತ್ತಿದ್ದವು. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಪುಷ್ಕರಣಿಯೊಂದಿದೆ. ನೋಡಲು ಅತಿ ಸುಂದರ. ಆದರೆ ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳೇ ಈ ರೋಗಕ್ಕೆ ತವರಾದವೆಂಬುದನ್ನು, ಅಂಥ ಬಾವಿಗಳ ಚೆಲುವನ್ನು ಹೊಗಳುವವರು ಮರೆಯುವುದುಂಟು. ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲಿ ಒಂದಾಗಿತ್ತು. ಸರ್ಕಾರದ ನಿರ್ಮೂಲನ ಕಾರ್ಯಕ್ರಮವು ೧೯೮೦ರ ದಶಕದಲ್ಲಿ ಆರಂಭವಾದಾಗ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ನೀರಿಗೆ ಔಷಧ ಹಾಕಿದರು, ಮನೆಮನೆಗೂ ಹೋಗಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಬೇಡಿಕೊಂಡರು. ದೇಶದ ಕೊನೆಯ ರೋಗಿಯು ಕಂಡುಬಂದುದು ೧೯೯೬ರಲ್ಲಿ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಆರೋಗ್ಯ ಕಾರ್ಯಕರ್ತರು ಹೇಳಿಕೊಟ್ಟ ಆ ಕೆಲಸವನ್ನು ಶ್ರಾವಕಿಯರು ಯಾರೂ ಹೇಳದೆಯೇ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದರು.

ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ನಡೆದ ಇನ್ನೊಂದು ಪರೀಕ್ಷೆಯೂ ಇಲ್ಲಿ ಸ್ಮರಣೀಯ. ರೀಟಾ ಕಾಲ್ವೆಲ್ ಮತ್ತು ಅವರ ಸಹೋದ್ಯೋಗಿಗಳು ೬೫ ಗ್ರಾಮಗಳಲ್ಲಿ, ಸುಮಾರು ೧,೩೩,೦೦೦ ಜನರ ನಡುವೆ ಮಾಡಿದ ಅಧ್ಯಯನವು ೨೦೦೩ರಲ್ಲಿ ಪ್ರಕಟವಾಯಿತು. ಹಳೆಯ ಹತ್ತಿಯ ಸೀರೆಯನ್ನು ಹಲವು ಪದರ ಮಡಿಸಿ ಕೊಳದ ನೀರನ್ನು ಸೋಸಿದ ಗ್ರಾಮಗಳಲ್ಲಿ ಕಾಲರಾ ಶೇಕಡ ೪೮ರಷ್ಟು ಕಡಿಮೆಯಾಯಿತು. ಅನೇಕ ಸಲ ಒಗೆದು ಮೆತ್ತಗಾದ ಬಟ್ಟೆಯ ನೂಲು ಉಬ್ಬಿ ರಂಧ್ರಗಳು ಕಿರಿದಾಗುವುದರಿಂದ ಹೊಸ ಬಟ್ಟೆಗಿಂತ ಹಳೆಯದೇ ಮೇಲೆಂದೂ ತಿಳಿದುಬಂದಿತು. (ಹಳೆಯದೆಂದರೆ ಹರಿದುದೆಂದು ತಿಳಿಯಬಾರದು, ತೂತು ಬಿದ್ದ ಬಟ್ಟೆ ಶಾಸ್ತ್ರಕ್ಕೂ ಸಲ್ಲದು, ಪರೀಕ್ಷೆಗೂ ಸಲ್ಲದು.) ಕೆಲವು ವರ್ಷಗಳ ನಂತರ ಅದೇ ಗ್ರಾಮಗಳಿಗೆ ಮರಳಿ ಹೋದಾಗ, ಸೋಸುವವರ ನೆರೆಯಲ್ಲಿದ್ದು ತಾವು ಸೋಸದೆ ಇದ್ದ ಮನೆಗಳಿಗೂ ಒಂದಿಷ್ಟು ರಕ್ಷಣೆ ದೊರೆತಿದ್ದುದು ಕಂಡಿತು. ಒಬ್ಬಳ ಬಟ್ಟೆಯು ನೆರೆಮನೆಯ ಮಗುವನ್ನೂ ಕಾಯುತ್ತಿತ್ತು.

ಇದನ್ನು ಕೇಳಿದೊಡನೆ ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಗಳು ಮೊದಲೇ ತಿಳಿದಿದ್ದವೆಂದು ಬೀಗುವ ಉಪನ್ಯಾಸಕರಿದ್ದಾರೆ. ಅದು ಬೇಡ. ಆಚಾರ್ಯರು ಬಟ್ಟೆ ಹಿಡಿಸಿದ್ದು ನೀರಿನಲ್ಲಿರುವ ಜೀವಗಳನ್ನು ಮನುಷ್ಯನಿಂದ ಕಾಪಾಡಲು. ವೈದ್ಯರು ಬಟ್ಟೆ ಹಿಡಿಸಿದ್ದು ಮನುಷ್ಯನನ್ನು ಆ ಜೀವಗಳಿಂದ ಕಾಪಾಡಲು. ದಾರಿಯೊಂದೇ ಆದರೂ ಹೊರಟ ಊರುಗಳು ಬೇರೆ. ಅಲ್ಲದೆ ಬಟ್ಟೆಯ ಶಕ್ತಿಗೂ ಮೇರೆಯಿದೆ. ಮತ್ಲಬ್‌ನಲ್ಲಿ ಕಾಲರಾ ಕಡಿಮೆಯಾದುದು ಆ ರೋಗಾಣುಗಳು ಸಣ್ಣ ನೀರಜೀವಿಗಳ ಮೈಗೆ ಅಂಟಿಕೊಂಡು ಬಾಳುವುದರಿಂದ. ಕುದುರೆ ಸಿಕ್ಕಿಬಿದ್ದಾಗ ಸವಾರನೂ ಸಿಕ್ಕಿಬಿದ್ದಂತೆ. ಚರಂಡಿಯ ನೀರಿನಿಂದ ಬರುವ ಇ. ಕೋಲಿ ಎಂಬ ಬ್ಯಾಕ್ಟೀರಿಯದ ಉದ್ದವು ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿನಷ್ಟು. ಮಡಿಸಿದ ಸೀರೆಯ ರಂಧ್ರವಾದರೋ ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ಮೀನಿಗಿಂತ ಹತ್ತು ಪಟ್ಟು ದೊಡ್ಡ ಕಣ್ಣಿನ ಬಲೆಯಿಂದ ಮೀನು ಹಿಡಿಯಲಾದೀತೆ? ಒಡೆದ ಕೊಳವೆಗೆ ಚರಂಡಿಯು ಸೋರಿದ ದಿನ, ಎಷ್ಟು ಶುಚಿಯಾಗಿ ಸೋಸಿದರೂ ಆ ರೋಗಾಣುಗಳು ಬಟ್ಟೆಯನ್ನು ದಾಟಿ ತಂಬಿಗೆಯನ್ನು ಸೇರುತ್ತವೆ.

ಸೋರುವ ಬಗೆಯನ್ನು ತಿಳಿದಿರುವುದು ಒಳ್ಳೆಯದು. ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಬಿರುಕಿನಿಂದ ನೀರು ಹೊರಕ್ಕೆ ಹೋಗುತ್ತದೆ. ನೀರು ನಿಲ್ಲಿಸಿದೊಡನೆ ಕೊಳವೆ ಬರಿದಾಗಿ, ಅದೇ ಬಿರುಕಿನಿಂದ ಹೊರಗಿನ ಕೊಳಕು ಒಳಕ್ಕೆ ಬರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಈ ಉಸಿರಾಟವು ನಿರಂತರ ನಡೆದಿರುತ್ತದೆ. ಕೊಳವೆಯು ಚರಂಡಿಯನ್ನು ಹಾಯ್ದು ಹೋಗುವ ಬೀದಿಗಳಲ್ಲಿ, ಬಿಟ್ಟೊಡನೆ ಬರುವ ಮೊದಲ ನೀರನ್ನು ಯಾರೂ ತುಂಬಿಕೊಳ್ಳಬಾರದು.

ಇದಕ್ಕೆ ಪುರಸಭೆಗಳು ಮಾಡುವ ಉಪಾಯವೆಂದರೆ ಕ್ಲೋರಿನ್ ಅಥವಾ ಬ್ಲೀಚಿಂಗ್ ಪೌಡರ್. ಇಲ್ಲಿಯೇ ವ್ರತಿಗಳ ಮನಸ್ಸು ಮುದುಡುವುದು. ಬ್ಲೀಚಿಂಗ್ ಪೌಡರ್ ಹಾಕುವುದೆಂದರೆ ಅಸಂಖ್ಯಾತ ಜೀವಗಳನ್ನು ಕೊಲ್ಲುವುದಲ್ಲವೆ, ಅಹಿಂಸಾಣುವ್ರತಿಯು ಅದನ್ನು ಹೇಗೆ ಬಯಸಿಯಾನು, ಎಂಬ ಸಂದೇಹವು ಪ್ರಾಮಾಣಿಕವಾದುದು. ಅದನ್ನು ನಗೆಯಾಡಿ ತಳ್ಳುವುದು ಸರಿಯಲ್ಲ. ಬ್ಯಾಕ್ಟೀರಿಯಗಳನ್ನು ಸ್ಥಾವರಗಳಲ್ಲಿ ಎಣಿಸಬೇಕೋ ತ್ರಸಗಳಲ್ಲಿ ಎಣಿಸಬೇಕೋ ಎಂಬುದರಲ್ಲಿಯೂ ಪಂಡಿತರೆಲ್ಲ ಒಮ್ಮತದವರಲ್ಲ. ಆದರೆ ಉತ್ತರಕ್ಕಾಗಿ ಶಾಸ್ತ್ರದ ಹೊರಗೆ ಹೋಗಬೇಕಾಗಿಲ್ಲ.

ನೀರೇ ಅಪ್ಕಾಯಿಕ ಜೀವಗಳ ಒಡಲು. ಅದನ್ನು ಕುದಿಸಿದಾಗ ಆ ಜೀವಗಳಿಗೆ ಹಾನಿಯೆಂಬುದನ್ನು ಯಾವ ಆಚಾರ್ಯರೂ ಮರೆಮಾಚಿಲ್ಲ. ಆದಾಗ್ಯೂ ಪ್ರಾಸುಕ ಜಲಕ್ಕೆ ವಿಧಿಯಿದೆ. ಮುನಿಗಳಿಗೆ ಆಹಾರದಲ್ಲಿ ಕೊಡುವ ನೀರು ಪ್ರಾಸುಕವಾಗಿಯೇ ಇರಬೇಕು. ಲವಂಗವನ್ನೋ ಅಳಲೆಕಾಯಿಯನ್ನೋ ಬೆರೆಸುವ ವಿಧಿಯಂತೂ ಒಂದು ದ್ರವ್ಯವನ್ನು ಸೇರಿಸಿ ನೀರನ್ನು ನಿರ್ಜೀವಗೊಳಿಸುವ ವಿಧಿಯೇ. (ಲವಂಗದ ನೀರು ಆಚಾರಕ್ಕೆ ಪ್ರಾಸುಕವಾದರೂ ರೋಗಾಣುಗಳ ಲೆಕ್ಕದಲ್ಲಿ ಸುರಕ್ಷಿತವೆಂದು ಭಾವಿಸಬಾರದು; ಎರಡನ್ನು ಬೆರೆಸಿದವರು ಆಸ್ಪತ್ರೆ ಸೇರುತ್ತಾರೆ.) ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ಹೇಳಿ, ಅಡಿಗೆ, ನೀರು, ಮನೆಗಳಿಂದಾಗುವ ಆರಂಭೀ ಹಿಂಸೆಯಲ್ಲಿ ಯತ್ನಾಚಾರವನ್ನು ವಿಧಿಸಿದ್ದಾರೆ. ಕೊಲ್ಲಬೇಕೆಂಬ ಇಚ್ಛೆಯಿಂದ ಯಾರೂ ಟ್ಯಾಂಕಿಗೆ ಕ್ಲೋರಿನ್ ಹಾಕುವುದಿಲ್ಲ. ಅಳತೆಯಿಂದ, ಅಗತ್ಯವಿದ್ದಷ್ಟೇ, ಎಚ್ಚರದಿಂದ ಹಾಕಿದುದು ಕುದಿಸಿದ ನೀರಿನ ಸಾಲಿನಲ್ಲಿಯೇ ಸಲ್ಲುತ್ತದೆ. ಅಳತೆಯಿಲ್ಲದೆ ಬುಟ್ಟಿಯಿಂದ ಸುರಿದುದಾದರೆ, ಅಥವಾ ಹಾಕಬೇಕಾದ ದಿನ ಹಾಕದೆ ಪುಸ್ತಕದಲ್ಲಿ ಹಾಕಿದ್ದೇನೆಂದು ಬರೆದುದಾದರೆ, ಅದು ಪ್ರಮಾದ. ಎರಡನೆಯದರಲ್ಲಿ ಅಸತ್ಯವೂ ಸೇರಿದೆ.

ಇನ್ನೊಂದು ಮಾತು ಉಂಟು. ಪಾಪವು ತಾನು ಮಾಡಿದುದರಿಂದ ಮಾತ್ರವೇ ಬರುವುದಿಲ್ಲ; ಕೃತ, ಕಾರಿತ, ಅನುಮೋದನ ಎಂದು ಅದಕ್ಕೆ ಮೂರು ಬಾಗಿಲು. ನೀರಿನ ಕಂದಾಯ ಕಟ್ಟಿ, ಕ್ಲೋರಿನ್ ಬಿದ್ದ ನೀರನ್ನೇ ಕುಡಿದು, ತನ್ನ ಕೈಯಿಂದ ಬ್ಲೀಚಿಂಗ್ ಪೌಡರ್ ಮುಟ್ಟಿಲ್ಲವೆಂದು ಸಮಾಧಾನಪಡುವ ಶ್ರಾವಕನಿಗೆ ಮೂರನೆಯ ಬಾಗಿಲು ತೆರೆದೇ ಇದೆ. ಅದೇ ಬಾಗಿಲಿನಿಂದ ಇನ್ನೊಂದು ದೋಷವೂ ಒಳಬರುತ್ತದೆ. ಕ್ಲೋರಿನ್ ಬಿದ್ದಿಲ್ಲವೆಂಬುದು ತಿಳಿದೂ, ಕೊಳವೆ ಒಡೆದಿರುವುದನ್ನು ಕಂಡೂ ಸುಮ್ಮನಿದ್ದವನು ಆ ನೀರಿನಿಂದ ಸಾಯುವ ಸಂಜ್ಞೀ ಪಂಚೇಂದ್ರಿಯ ಜೀವದ ಹಾನಿಗೆ ಮೌನದಿಂದ ಸಮ್ಮತಿಸಿದವನೇ. ೨೦೨೨ರ ಮೇ ತಿಂಗಳ ಕೊನೆಯಿಂದ ರಾಯಚೂರು ನಗರದಲ್ಲಿ ನಲ್ಲಿಯ ಮಲಿನ ನೀರನ್ನು ಕುಡಿದು ಅನೇಕರು ವಾಂತಿಭೇದಿಗೆ ತುತ್ತಾದರು. ಕೆಲವರು ಪ್ರಾಣ ಕಳೆದುಕೊಂಡರು. ೨೦೨೪ರ ಮೇ ತಿಂಗಳಲ್ಲಿ ಮೈಸೂರಿನ ಬಳಿಯ ಕೆ. ಸಾಲುಂಡಿಯಲ್ಲಿಯೂ ಹಾಗೆಯೇ ಆಯಿತು. ಒಬ್ಬ ಯುವಕನು ತೀರಿಕೊಂಡನು. ಕುದಿಸಿ ಕುಡಿಯುವಷ್ಟು ಉರುವಲೂ ಬಿಡುವೂ ಇಲ್ಲದ ಮನೆಗಳಲ್ಲಿಯೇ ಇಂಥ ದುಃಖವು ಮೊದಲು ಕಾಲಿಡುತ್ತದೆ. ಯಂತ್ರದಿಂದ ಶುದ್ಧಮಾಡಿದ ನೀರನ್ನು ಕ್ಯಾನಿನಲ್ಲಿ ತರಿಸುವ ಮನೆಯವರು ಊರಿನ ನೀರನ್ನು ಕುರಿತು ಕೇಳುವುದನ್ನೇ ಬಿಟ್ಟಿರುವುದು ಈ ಕಾಲದ ಒಂದು ವಿಪರ್ಯಾಸ.

ಕೇಳುವುದಾದರೂ ಏನನ್ನು? ಇದು ಬಹಳ ಸರಳವಾದುದು. ಆದರೂ ವಿದ್ಯಾವಂತರಲ್ಲಿಯೂ ಅನೇಕರು ತಿಳಿದಿಲ್ಲ. ಭಾರತೀಯ ಮಾನಕ ೧೦೫೦೦ ಎಂಬುದು ಕುಡಿಯುವ ನೀರಿನ ಅಳತೆಗೋಲು. ಅದರ ೨೦೧೨ರ ಪರಿಷ್ಕರಣದಂತೆ ೧೦೦ ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿಯೂ ಕಾಣಿಸಬಾರದು. ೧೦೦ ಮಿಲಿಲೀಟರ್ ಎಂದರೆ ಅರ್ಧ ಲೋಟ. ಇ. ಕೋಲಿಗಳಲ್ಲಿ ಬಹುಪಾಲು ನಿರಪಾಯವಾದವು. ಆದರೆ ಅವು ಮನುಷ್ಯನ ಮತ್ತು ಬೆಚ್ಚನೆಯ ರಕ್ತದ ಪ್ರಾಣಿಗಳ ಕರುಳಿನಲ್ಲಿ ಇರುವಂಥವು; ನೀರಿನಲ್ಲಿ ಕಂಡರೆ ಮಲವು ನೀರನ್ನು ಸೇರಿದೆಯೆಂದೇ ಅರ್ಥ. ಮಲ ಬಂದ ದಾರಿಯಲ್ಲಿ ಕಾಲರಾ, ವಿಷಮಶೀತ ಜ್ವರ, ಕಾಮಾಲೆಗಳೂ ಬರಬಲ್ಲವು. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವ ನ್ಯಾಯವೇ ಇಲ್ಲಿಯೂ.

ಮಾದರಿ ಹಿಡಿಯುವುದರಲ್ಲಿಯೂ ಒಂದು ಸಮಿತಿಯ ಪಾಲನೆಯಿದೆ ಎನ್ನಬೇಕು. ವಸ್ತುವನ್ನು ಎತ್ತುವಾಗ ಇಡುವಾಗ ಮುನಿಗಳು ತೋರುವ ಎಚ್ಚರವನ್ನು ಅದು ನೆನಪಿಸುತ್ತದೆ. ಬಾಟಲಿಯನ್ನು ಮೊದಲೇ ಕಾಯಿಸಿ ನಿರ್ಜೀವಗೊಳಿಸಿರಬೇಕು. ನಲ್ಲಿಯ ಬಾಯಿಯನ್ನು ಉರಿಯಿಂದ ಸುಟ್ಟು, ನೀರನ್ನು ಒಂದೆರಡು ನಿಮಿಷ ಹರಿಯಬಿಟ್ಟು, ಮುಚ್ಚಳದ ಒಳಬದಿಯನ್ನು ಬೆರಳಿನಿಂದ ಮುಟ್ಟದೆ ತುಂಬಬೇಕು. ಬಾಟಲಿಯಲ್ಲಿ ಮೊದಲೇ ಹಾಕಿಟ್ಟ ಸ್ವಲ್ಪ ಸೋಡಿಯಂ ಥಯೋಸಲ್ಫೇಟು ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಅಡಗಿಸುತ್ತದೆ. ಇಲ್ಲವಾದರೆ ದಾರಿಯಲ್ಲಿಯೇ ಬ್ಯಾಕ್ಟೀರಿಯಗಳು ಸತ್ತು ಕೆಟ್ಟ ನೀರೂ ಒಳ್ಳೆಯದೆಂದು ತೋರೀತು. ತಣ್ಣಗಿಟ್ಟು ಅದೇ ದಿನ ಜಿಲ್ಲೆಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಅಲ್ಲಿ ಅತಿ ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿ ಆ ನೀರನ್ನು ಸ್ಫುಟವಾಗಿ ಸೋಸಿ, ಪೊರೆಯನ್ನು ಪೋಷಕ ದ್ರವ್ಯದ ಮೇಲಿಟ್ಟು ಬೆಚ್ಚಗೆ ಕಾಯುತ್ತಾರೆ; ಮರುದಿನಕ್ಕೆ ಒಂದೊಂದು ಜೀವವೂ ಬೆಳೆದು ಚುಕ್ಕೆಯಾಗಿ ಕಣ್ಣಿಗೆ ಕಾಣುತ್ತದೆ. ಅಲ್ಲಿ ಬಳಸುವ ಪೊರೆಯ ರಂಧ್ರವು ಮಿಲಿಮೀಟರಿನ ಎರಡು ಸಾವಿರದ ಒಂದು ಪಾಲಿಗಿಂತ ಕಿರಿದು. ಅದೂ ಒಂದು ಗಾಲನವೇ.

ಪ್ರಯೋಗಾಲಯ ದೂರವಾದ ಹಳ್ಳಿಗಳಿಗೆ ಸುಲಭದ ಬಾಟಲಿಯೊಂದಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ಮಂಜ, ಮೌರ್ಯ, ರಾವ್ ಎಂಬ ಮೂವರು ವಿಜ್ಞಾನಿಗಳು ರೂಪಿಸಿದ ಆ ವಿಧಾನವು ೧೯೮೨ರಲ್ಲಿ ಪ್ರಕಟವಾಯಿತು. ಬಾಟಲಿಯಲ್ಲಿ ಔಷಧ ಹಚ್ಚಿದ ಕಾಗದವಿರುತ್ತದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚನೆಯೆಡೆ ಇಟ್ಟರೆ, ಮಲಿನ ನೀರಾದಲ್ಲಿ ಒಂದೆರಡು ದಿನದೊಳಗೆ ಕಪ್ಪಾಗುತ್ತದೆ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲಿಯೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯನ್ನು ಕಲಿಸುವ ಏರ್ಪಾಡಿದೆ. (ಅರಸೀಕೆರೆ ತಾಲ್ಲೂಕಿನಂಥ ಬಯಲುನಾಡಿನ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ತೊಂದರೆಯೂ ಇದೆ, ಅದನ್ನು ಬಟ್ಟೆಯಾಗಲಿ ಕುದಿಸುವುದಾಗಲಿ ಕ್ಲೋರಿನ್ನಾಗಲಿ ನೀಗಲಾರವು. ಅದು ಬೇರೆಯೇ ಒಂದು ಲೇಖನದ ವಿಷಯ.)

ಬ್ಯಾಕ್ಟೀರಿಯ ಪರೀಕ್ಷೆಯ ಫಲವು ಬರುವಷ್ಟರಲ್ಲಿ ಆ ನೀರನ್ನು ಊರು ಕುಡಿದಾಗಿರುತ್ತದೆ. ಈ ಕಾರಣದಿಂದ ಅದನ್ನು ಪ್ರತಿಕ್ರಮಣಕ್ಕೆ ಹೋಲಿಸಬಹುದು. ಆಗಿಹೋದ ದೋಷವನ್ನು ಅದು ತೋರಿಸಿಕೊಡುತ್ತದೆ. ಮುಂದಿನ ದೋಷಕ್ಕೆ ತಡೆಯಾಗುವ ಪ್ರತ್ಯಾಖ್ಯಾನವೆಂದರೆ ದಿನದಿನದ ಕ್ಲೋರಿನ್ ಪರೀಕ್ಷೆ. ಕೊಳವೆಯ ಕಟ್ಟಕಡೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ೦.೨ ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿರಬೇಕು. ನೀರಿಗೆ ಗುಳಿಗೆಯೊಂದನ್ನು ಹಾಕಿ ಬಣ್ಣವನ್ನು ನೋಡುವ ಈ ಪರೀಕ್ಷೆಗೆ ಐದು ನಿಮಿಷ ಸಾಕು. ಟ್ಯಾಂಕಿನ ಬುಡದಲ್ಲಿ ನೋಡಿ ಬರೆದುಕೊಂಡು ಹೋಗುವುದರಿಂದ ಪ್ರಯೋಜನವಿಲ್ಲ. ಕಡೆಯ ಮನೆಯಲ್ಲಿ ನೋಡಬೇಕು. ಬ್ಯಾಕ್ಟೀರಿಯ ಪರೀಕ್ಷೆಗಾದರೆ ೫,೦೦೦ದಿಂದ ೧,೦೦,೦೦೦ ಜನರಿರುವ ಊರುಗಳಲ್ಲಿ ಪ್ರತಿ ೫,೦೦೦ ಜನರಿಗೆ ತಿಂಗಳಿಗೊಂದು ಮಾದರಿಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ೨೦೧೧ರ ಜನಗಣತಿಯಲ್ಲಿ ಅರಸೀಕೆರೆಯ ಜನಸಂಖ್ಯೆ ೫೦,೦೦೦ವನ್ನು ದಾಟಿತ್ತು. ಅಲ್ಲಿಗೆ ತಿಂಗಳಿಗೆ ಹತ್ತು ಬಾಟಲಿಗಳಾದರೂ ಬೇಕು. ೨೦,೦೦೦ ದಾಟಿದ್ದ ಬೇಲೂರಿಗೆ ನಾಲ್ಕು. ಹತ್ತು ಅರ್ಧ ಲೋಟಗಳು! ಊರಿನಲ್ಲಿ ಒಂದು ತಿಂಗಳು ಹರಿಯುವ ನೀರೆಲ್ಲಕ್ಕೂ ಸಾಕ್ಷಿ ಹೇಳುವುದು ಇಷ್ಟೆ. ಈ ತಿಂಗಳು ಎಷ್ಟು ಮಾದರಿ ಹಿಡಿದಿರಿ, ಎಷ್ಟರಲ್ಲಿ ದೋಷ ಕಂಡಿತು, ಏನು ಮಾಡಿದಿರಿ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ.

ಉಪವಾಸವ್ರತಿಗಳಿಗೆ ಇದರಲ್ಲಿ ವಿಶೇಷವಾದ ಆತಂಕವಿದೆ. ಚಾತುರ್ಮಾಸವೂ ದಶಲಕ್ಷಣವೂ ಮಳೆಗಾಲದಲ್ಲಿಯೇ ಬರುತ್ತವೆ; ಕೊಳವೆಗಳಿಗೆ ಕೊಳಕು ಇಳಿಯುವುದೂ ಆಗಲೇ. ಉಪವಾಸದಿಂದ ಬಳಲಿದ ಒಡಲಿಗೆ ವಾಂತಿಭೇದಿಯನ್ನು ತಾಳುವಷ್ಟು ನೀರಿನ ಸಂಗ್ರಹವಿರುವುದಿಲ್ಲ. ಏಕಭುಕ್ತದವರು ದಿನಕ್ಕೊಮ್ಮೆ ಕುಡಿಯುವ ನೀರೇ ಕೆಟ್ಟುದಾದರೆ, ಕೆಲವು ಗಂಟೆಗಳಲ್ಲಿಯೇ ಕಣ್ಣು ಗುಳಿಬಿದ್ದು ನಾಡಿ ಕುಸಿಯಬಹುದು. ರೋಗವು ಸಂಜೆಯ ನಂತರ ಕಾಣಿಸಿಕೊಂಡರೆ ರಾತ್ರಿಯಲ್ಲಿ ನೀರೂ ಮುಟ್ಟೆನೆಂದು ಹಟ ಹಿಡಿಯುವ ವೃದ್ಧರಿದ್ದಾರೆ. ಅವರನ್ನು ಭಕ್ತಿಯಿಂದ ನೋಡುತ್ತ ಬೆಳಗಾಗಲೆಂದು ಕಾಯುವ ಮಕ್ಕಳೂ ಇದ್ದಾರೆ. ಇದು ತಪಸ್ಸಲ್ಲ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಯ ಮಿತಿಯೊಳಗೆಂದೇ ಹೇಳಿದೆ. ಗುಣವಾಗಬಲ್ಲ ರೋಗದಲ್ಲಿ ಪ್ರಾಣವನ್ನು ಹೋಗಲಾಡಿಸುವುದು ಸಲ್ಲೇಖನವೂ ಆಗದು. ವ್ರತಭಂಗಕ್ಕೆ ಗುರುಗಳ ಮುಂದೆ ಆಲೋಚನೆಯಿದೆ, ಪ್ರಾಯಶ್ಚಿತ್ತವಿದೆ. ಉಪ್ಪು ಸಕ್ಕರೆ ಬೆರೆಸಿದ ಪುನರ್ಜಲೀಕರಣದ ದ್ರಾವಣವನ್ನು ಆ ಕ್ಷಣವೇ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.

ಅದಕ್ಕೂ ಮೊದಲೇ ಬಸದಿಗಳಲ್ಲಿ ಮಾಡಬಹುದಾದುದುಂಟು. ಪರ್ವಕಾಲದಲ್ಲಿ ನೂರಾರು ಜನರ ಪಾರಣೆಗೆ ನೀರು ಬರುವುದು ಬಸದಿಯ ತೊಟ್ಟಿಯಿಂದ. ಆ ತೊಟ್ಟಿಯ ತಳದ ಕೆಸರನ್ನು ತೆಗೆದು ಎಷ್ಟು ವರ್ಷಗಳಾದವೆಂದು ಕೇಳಿದರೆ ಕಾರ್ಯದರ್ಶಿಗಳು ಹಿಂದಿನ ಕಾರ್ಯದರ್ಶಿಗಳನ್ನು ತೋರಿಸುತ್ತಾರೆ. ಪರ್ವಕ್ಕೆ ಹದಿನೈದು ದಿನ ಮುಂಚೆ ತೊಟ್ಟಿಯನ್ನು ತೊಳೆಸಿ, ನೀರಿನ ಮಾದರಿಯನ್ನು ಕಳುಹಿಸಿ, ಬಂದ ಫಲಿತಾಂಶವನ್ನು ಪರ್ವದ ಕಾರ್ಯಕ್ರಮ ಪಟ್ಟಿಯ ಪಕ್ಕದಲ್ಲಿಯೇ ಅಂಟಿಸಬಹುದು. ಪಾರಣೆಯ ನೀರನ್ನು ಸೋಸಿದ ಮೇಲೆ ತಳಮಳ ಕುದಿಯುವವರೆಗೆ ಕುದಿಸಿ, ಮುಚ್ಚಿ ಆರಿಸಿ, ಹಿಡಿಯುಳ್ಳ ಚೊಂಬಿನಿಂದಲೇ ತೆಗೆಯಬೇಕು. ಕೈ ಅದ್ದಿದರೆ ಕುದಿಸಿದ ಶ್ರಮವೆಲ್ಲ ವ್ಯರ್ಥ.

ದೃಷ್ಟಾಂತದ ಅಜ್ಜಿಯು ಮರುದಿನ ನಲ್ಲಿಯ ಬಟ್ಟೆಯನ್ನು ಬಿಚ್ಚಿದರು. ಬೇರೆ ಬಟ್ಟೆಯನ್ನು ಮಡಿಸಿ ಕೊಡದ ಬಾಯಿಗೆ ಹಿಡಿದು ನೀರನ್ನು ಸೋಸಿ, ಬಟ್ಟೆಯನ್ನು ಸೋಸಿದ ನೀರಿನಲ್ಲಿಯೇ ಜಾಲಿಸಿ ಬಿಸಿಲಿಗೆ ಹರವಿದರು. ಮೊಮ್ಮಗನು ಅದೇ ನಲ್ಲಿಯಿಂದ ಬಾಟಲಿಯಲ್ಲಿ ಮಾದರಿ ಹಿಡಿಯುತ್ತಿದ್ದನು. ಅಜ್ಜಿ ಸ್ವಲ್ಪ ಹೊತ್ತು ನೋಡುತ್ತ ನಿಂತರು.

“ಅದರಲ್ಲಿ ಬೆಳೆಸಿ ಎಣಿಸುತ್ತೀಯಲ್ಲ, ಎಣಿಸಿಯಾದ ಮೇಲೆ ಆ ಜೀವಗಳನ್ನು ಎಲ್ಲಿ ಬಿಡುತ್ತೀಯಪ್ಪಾ?”

“ಬಿಡುವಂತಿಲ್ಲ ಅಜ್ಜಿ. ಆವಿಯಲ್ಲಿ ಬೇಯಿಸಿ ಆಮೇಲೆ ಹೊರಗೆ ಹಾಕುತ್ತೇವೆ. ಹಾಗೆ ಮಾಡದಿದ್ದರೆ ಇನ್ನೊಬ್ಬರಿಗೆ ರೋಗ ತಗಲುತ್ತದೆ.”

ಅಜ್ಜಿ ಕಣ್ಣು ಮುಚ್ಚಿ ಒಂಬತ್ತು ಸಲ ಣಮೋಕಾರ ಹೇಳಿಕೊಂಡರು. ಬಳಿಕ, “ಹಾಗಿದ್ದರೆ ಅದನ್ನು ದಂಡ ಮಾಡಬೇಡ. ಫಲಿತಾಂಶದ ಕಾಗದ ಬಂದೊಡನೆ ಹೇಳು, ಪುರಸಭೆಗೆ ನಾನೂ ಬರುತ್ತೇನೆ” ಎಂದರು.